ಗೋದಿಯ ಹುಲ್ಲಿನಲ್ಲಿ ಅರಳಿದ ಚೀನದ ಚಿತ್ರಕಲೆ

ಒಕ್ಕಲಿಗನು ಬೆಳೆಯಿಂದ ಮೊದಲು ಬಯಸುವುದು ಕಾಳನ್ನು. ರಾಶಿಯಾಗಿ ಕಾಳು ಮನೆ ಸೇರಿದ ಮೇಲೆ ಉಳಿದದ್ದೆಲ್ಲ ದನದ ಪಾಲು, ಒಲೆಯ ಪಾಲು, ಇಲ್ಲವೆ ತಿಪ್ಪೆಯ ಪಾಲು. ನಮ್ಮ ಅಕ್ಕಲಕೋಟ, ಜತ್ತ, ಸೊಲ್ಲಾಪುರದ ಸೀಮೆಯಲ್ಲಿ ಮಾಲದಂಡಿ ಜೋಳದ ಕಣಿಕೆಗೆ ಕಾಳಿನಷ್ಟೇ ಮಾನವಿದೆ. ಏಕೆಂದರೆ ಬರಗಾಲದಲ್ಲಿ ದನಗಳ ಜೀವ ಉಳಿಸುವುದು ಅದೇ. ಆದರೆ ಗೋದಿಯ ಹುಲ್ಲಿಗೆ ಆ ಮಾನವೂ ಇಲ್ಲ. ರಾಶಿ ಮಾಡುವ ಯಂತ್ರದ ಬಾಯಿಗೆ ಬಿದ್ದು ಅದು ಹೊಟ್ಟಾಗಿ ಹಾರಿಹೋಗುತ್ತದೆ.

ಇಂಥ ಹುಲ್ಲನ್ನೇ ಬಣ್ಣವನ್ನಾಗಿ, ಅದನ್ನು ಸೀಳುವ ಚಾಕುವನ್ನೇ ಕುಂಚವನ್ನಾಗಿ ಮಾಡಿಕೊಂಡು ಚಿತ್ರ ರಚಿಸುವ ಒಂದು ಕಲೆ ಚೀನದೇಶದಲ್ಲಿ ಬೆಳೆದು ಬಂದಿದೆ. ಚೀನೀ ಭಾಷೆಯಲ್ಲಿ ಅದರ ಹೆಸರು ‘ಮೈ-ಗಾನ್-ಹ್ವಾ’. ‘ಮೈ’ ಎಂದರೆ ಗೋದಿ, ‘ಗಾನ್’ ಎಂದರೆ ದಂಟು, ‘ಹ್ವಾ’ ಎಂದರೆ ಚಿತ್ರ. ಹೆಸರಿನಲ್ಲಿಯೇ ಕಲೆಯ ಅರ್ಥವೆಲ್ಲ ಅಡಗಿದೆ. ಈ ಕಲೆ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಅದನ್ನು ಹೇಗೆ ಮಾಡುತ್ತಾರೆ ಮತ್ತು ಇಂದು ಅದರ ಮುಂದಿರುವ ತೊಡಕುಗಳೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಚೀನಕ್ಕೆ ಬಂದ ಗೋದಿ

ಗೋದಿಯು ಚೀನದ ಮೂಲ ಬೆಳೆಯಲ್ಲ. ಅದರ ತವರು ಪಶ್ಚಿಮ ಏಶಿಯಾ. ಅಲ್ಲಿಂದ ಕೈಯಿಂದ ಕೈಗೆ, ಊರಿಂದ ಊರಿಗೆ ಸಾಗುತ್ತ ಅದು ಪೂರ್ವಕ್ಕೆ ಬಂದಿತು. ಚೀನದ ಪೂರ್ವ ಕರಾವಳಿಯ ಶಾನ್‌ದೊಂಗ್ ಪ್ರಾಂತದ ಅಗೆತಗಳಲ್ಲಿ ಸುಮಾರು 4500 ವರ್ಷಗಳಷ್ಟು ಹಳೆಯದಾದ, ಸುಟ್ಟು ಕರಿಯಾದ ಗೋದಿಕಾಳುಗಳು ದೊರೆತಿವೆ. ಬಹುಕಾಲ ಅಲ್ಲಿಯ ಜನರು ಗೋದಿಯನ್ನು ನವಣೆಯಂತೆ ಇಡಿಯಾಗಿಯೇ ಬೇಯಿಸಿ ತಿನ್ನುತ್ತಿದ್ದರು. ಕ್ರಿ. ಪೂ. 206ರಿಂದ ಕ್ರಿ. ಶ. 220ರವರೆಗೆ ಆಳಿದ ಹಾನ್ ಅರಸರ ಕಾಲದಲ್ಲಿ ಬೀಸುವ ಕಲ್ಲಿನ ಬಳಕೆ ಹೆಚ್ಚಿತು. ಗೋದಿ ಹಿಟ್ಟಾಯಿತು, ಹಿಟ್ಟಿನಿಂದ ಶಾವಿಗೆ, ರೊಟ್ಟಿ, ಹಬೆಯಲ್ಲಿ ಬೇಯಿಸಿದ ಕಡುಬುಗಳು ಬಂದವು. ಗೋದಿಯ ಹೊಲಗಳು ಹಬ್ಬಿದವು. ಹಳದಿ ನದಿಯ ಬಯಲಿನಲ್ಲಿ ಹುಲ್ಲಿನ ಬಣವಿಗಳು ಎದ್ದವು.

ಹುಲ್ಲು ಹೆಚ್ಚಾದಲ್ಲಿ ಹುಲ್ಲಿನ ಕೆಲಸವೂ ಹುಟ್ಟುತ್ತದೆ. ಟೊಪ್ಪಿಗೆ, ಬುಟ್ಟಿ, ಚಾಪೆ, ಬೀಸಣಿಗೆಗಳನ್ನು ಹೆಣೆಯುವುದು ಚೀನದ ಹಳ್ಳಿಗಳಲ್ಲಿ ಮನೆಮನೆಯ ಕಸುಬಾಯಿತು. ಗೋದಿಯ ಹುಲ್ಲಿನ ಚಿತ್ರದ ಬೇರು ಇರುವುದು ಈ ಹೆಣಿಗೆಯ ಕೈಗಳಲ್ಲಿಯೇ.

ಹುಟ್ಟಿನ ವಿಚಾರ

ಈ ಕಲೆ ಸುಯಿ ಮತ್ತು ತಾಂಗ್ ಅರಸರ ಕಾಲದಲ್ಲಿ ಹುಟ್ಟಿತೆಂದೂ, ಅರಮನೆಯ ಅಲಂಕಾರಕ್ಕೆ ಬಳಕೆಯಾಗುತ್ತಿತ್ತೆಂದೂ ಚೀನದಲ್ಲಿ ಪ್ರತೀತಿ ಇದೆ. ಸುಯಿ ಮನೆತನ ಕ್ರಿ. ಶ. 581ರಿಂದ 618ರವರೆಗೆ, ತಾಂಗ್ ಮನೆತನ 618ರಿಂದ 907ರವರೆಗೆ ಆಳಿದವು. ನಮ್ಮ ಕಡೆ ಬಾದಾಮಿಯ ಚಾಲುಕ್ಯರೂ ಅವರ ಬಳಿಕ ರಾಷ್ಟ್ರಕೂಟರೂ ಆಳಿದ ಕಾಲವದು.

ವಿದ್ಯಾರ್ಥಿಗಳು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಪ್ರತೀತಿ ಬೇರೆ, ಪುರಾವೆ ಬೇರೆ. ಕಲ್ಲು ಉಳಿಯುತ್ತದೆ, ತಾಮ್ರಪಟ ಉಳಿಯುತ್ತದೆ, ಹುಲ್ಲು ಉಳಿಯುವುದಿಲ್ಲ. ತೇವ, ಹುಳು, ಬೆಂಕಿ ಇವು ಮೂರೂ ಅದರ ಶತ್ರುಗಳು. ಆದುದರಿಂದ ಹುಲ್ಲಿನ ಕಲೆಯ ಇತಿಹಾಸವನ್ನು ಬರೆಯುವವರು ಅದರ ನೆರೆಹೊರೆಯ ಕಲೆಗಳನ್ನು ನೋಡಿ ತಿಳಿಯಬೇಕಾಗುತ್ತದೆ.

ಆ ನೆರೆಹೊರೆಯ ಕಲೆಗಳು ಏನು ಹೇಳುತ್ತವೆ? ಆರನೆಯ ಶತಮಾನದಲ್ಲಿ ಜೊಂಗ್ ಲಿನ್ ಎಂಬ ಲೇಖಕನು ಯಾಂಗ್‌ಟ್ಸೆ ನದಿಯ ನಡುನಾಡಿನ ಹಬ್ಬಗಳನ್ನು ಕುರಿತು ಒಂದು ಗ್ರಂಥ ಬರೆದನು. ಹೊಸ ವರುಷದ ಏಳನೆಯ ದಿನ ಜನರು ಬಣ್ಣದ ರೇಷ್ಮೆಯನ್ನೋ ಬಂಗಾರದ ತಗಡನ್ನೋ ಮನುಷ್ಯಾಕೃತಿಯಾಗಿ ಕತ್ತರಿಸಿ ಮನೆಯ ತೆರೆಗಳಿಗೆ ಅಂಟಿಸುತ್ತಿದ್ದರೆಂದು, ಮುಡಿಯಲ್ಲಿಯೂ ಧರಿಸುತ್ತಿದ್ದರೆಂದು ಅದರಲ್ಲಿ ತಿಳಿಸಿದ್ದಾನೆ. ಇಂಥ ಕತ್ತರಿಕೆಲಸದ ಒಂದು ತುಣುಕು ಜಪಾನಿನ ನಾರಾ ಪಟ್ಟಣದ ಶೋಸೋಯಿನ್ ಭಂಡಾರದಲ್ಲಿ ಇಂದಿಗೂ ಇದೆ, ಅದು ಕ್ರಿ. ಶ. 757ರಲ್ಲಿ ಅಲ್ಲಿಗೆ ಒಪ್ಪಿಸಲ್ಪಟ್ಟದ್ದು. ಚೀನದ ವಾಯವ್ಯ ಭಾಗದ ತುರ್ಫಾನ್ ಬಳಿಯ ಅಸ್ತಾನಾ ಗೋರಿಗಳಲ್ಲಿ ಆರನೆಯ ಶತಮಾನದ ಕಾಗದದ ಕತ್ತರಿಚಿತ್ರಗಳು ಸಿಕ್ಕಿವೆ. ಮರಳುಗಾಡಿನ ಒಣ ಹವೆಯಿಂದ ಅವು ಉಳಿದವು. ತಾಂಗ್ ಕಾಲದ ಕುಶಲಕರ್ಮಿಗಳು ಕಪ್ಪೆಚಿಪ್ಪಿನ ಹೊಳೆಯುವ ಪದರನ್ನು ಕತ್ತರಿಸಿ ಮರದ ಮೇಲೆ, ಕನ್ನಡಿಯ ಹಿಂಬದಿಯ ಮೇಲೆ ಕೂಡಿಸುತ್ತಿದ್ದರು.

ಹೊಳೆಯುವ ವಸ್ತುವನ್ನು ತೆಳುವಾಗಿ ಕತ್ತರಿಸಿ ಅಂಟಿಸಿ ಚಿತ್ರ ಮಾಡುವ ಜಾಣ್ಮೆ ಅಂದು ಇದ್ದಿತೆಂಬುದು ಇವುಗಳಿಂದ ಖಚಿತವಾಗುತ್ತದೆ. ಶ್ರೀಮಂತರ ಮನೆಯಲ್ಲಿ ಬಂಗಾರದ ತಗಡು. ಬಡವನ ಕಣದಲ್ಲಿ ಬಂಗಾರದ ಬಣ್ಣದ ಹುಲ್ಲು. ಒಂದು ಇನ್ನೊಂದಕ್ಕೆ ದಾರಿ ತೋರಿಸಿತೆಂದು ಊಹಿಸುವುದು ಕಷ್ಟವಲ್ಲ. ಆದರೆ ಅದು ಊಹೆ ಎಂಬುದನ್ನು ಮರೆಯಬಾರದು.

ಬೆಳವಣಿಗೆ

ಖಚಿತವಾದ ಇತಿಹಾಸ ದೊರೆಯುವುದು ಈಚಿನ ಶತಮಾನಗಳಲ್ಲಿ. ಜೆಜಿಯಾಂಗ್ ಪ್ರಾಂತದ ಪುಜಿಯಾಂಗ್ ಸೀಮೆಯ ಹೆಣ್ಣುಮಕ್ಕಳು ಗೋದಿಯ ಹುಲ್ಲಿನಿಂದ ಬೀಸಣಿಗೆಗಳನ್ನು ಹೆಣೆಯುತ್ತಿದ್ದರು. ಹುಲ್ಲಿನ ಪಟ್ಟಿಯನ್ನು ದುಂಡಗೆ ಸುತ್ತಿ, ನಡುವೆ ಕಸೂತಿಯ ಬಿಲ್ಲೆ ಕೂಡಿಸಿದ ಬೀಸಣಿಗೆ ಅದು. ಇಂಥ ಹುಲ್ಲಿನ ಕೆಲಸದಲ್ಲಿ ಪಳಗಿದ ಕೈಗಳೇ ಮುಂದೆ ಹುಲ್ಲನ್ನು ಕತ್ತರಿಸಿ ಅಂಟಿಸಿ ಹೂ, ಹಕ್ಕಿ, ಪ್ರಾಣಿಗಳ ಚಿತ್ರ ಮಾಡತೊಡಗಿದವು.

ಶಾನ್‌ದೊಂಗ್ ಪ್ರಾಂತದಲ್ಲಿ ಹುಲ್ಲು ಬೇರೊಂದು ದಾರಿ ಹಿಡಿಯಿತು. 1860ರ ದಶಕದಲ್ಲಿ ಚೀಫೂ ಬಂದರು ಪರದೇಶದ ವ್ಯಾಪಾರಕ್ಕೆ ತೆರೆಯಿತು. ಇಂದು ಆ ಊರಿಗೆ ಯಾನ್‌ತಾಯಿ ಎಂದು ಹೆಸರು. ಯುರೋಪು, ಅಮೇರಿಕಗಳಲ್ಲಿ ಹುಲ್ಲಿನ ಟೊಪ್ಪಿಗೆಗೆ ಆಗ ಬಹಳ ಬೇಡಿಕೆ. ಹಳ್ಳಿಯ ಹೆಂಗಸರು, ಮಕ್ಕಳು ಮನೆಯಲ್ಲಿ ಕುಳಿತು ಜಡೆಯಂತೆ ಹೆಣೆದ ಗೋದಿಹುಲ್ಲಿನ ಪಟ್ಟಿಗಳು ಹಡಗು ತುಂಬಿ ಹೋಗುತ್ತಿದ್ದವು. ಇದು ಚಿತ್ರಕಲೆಯಲ್ಲ, ಕಸುಬು. ಆದರೆ ಹುಲ್ಲನ್ನು ಆರಿಸುವ, ನೆನೆಸುವ, ಬಿಳುಪು ಮಾಡುವ ವಿದ್ಯೆ ಇಂಥ ಕಸುಬಿನಿಂದ ಹಳ್ಳಿಹಳ್ಳಿಗೂ ಹಬ್ಬಿತು.

1949ರಲ್ಲಿ ಹೊಸ ಚೀನ ಸ್ಥಾಪನೆಯಾದ ಬಳಿಕ ಕುಶಲಕರ್ಮಿಗಳನ್ನು ಸಹಕಾರಿ ಸಂಘಗಳಲ್ಲಿಯೂ ಕಾರಖಾನೆಗಳಲ್ಲಿಯೂ ಕೂಡಿಸಲಾಯಿತು. ಕರಕುಶಲ ವಸ್ತುಗಳನ್ನು ಹೊರದೇಶಕ್ಕೆ ಮಾರಿ ಹಣ ಗಳಿಸುವುದು ಅಂದಿನ ಉದ್ದೇಶಗಳಲ್ಲಿ ಒಂದು. 1966ರಿಂದ 1976ರವರೆಗೆ ನಡೆದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಹಳೆಯ ಚಿತ್ರವಸ್ತುಗಳೆಲ್ಲ ಹಳೆಯ ಕಾಲದ ಕೊಳೆ ಎನಿಸಿಕೊಂಡವು. ಜಾನಪದ ಕಲೆಗಳಿಗೆ ಅದು ಕಷ್ಟದ ಕಾಲ. 1978ರ ಆರ್ಥಿಕ ಸುಧಾರಣೆಯ ತರುವಾಯ ಪ್ರವಾಸಿಗರು ಬಂದರು, ಮಾರುಕಟ್ಟೆ ತೆರೆಯಿತು, ಕಲೆ ಮತ್ತೆ ಚಿಗುರಿತು. ಉತ್ತರದ ಚಳಿನಾಡಿನ ಹಾರ್‌ಬಿನ್, ನಡುನಾಡಿನ ಹೆನಾನ್ ಪ್ರಾಂತ, ಪಶ್ಚಿಮದ ಶಾನ್‌ಶಿ ಪ್ರಾಂತ, ದಕ್ಷಿಣದ ಚಾವೊಜೊವು ಹೀಗೆ ಹಲವೆಡೆ ಅದು ಬೆಳೆಯಿತು. ಚೀನ ಸರಕಾರವು 2006ರಿಂದ ತನ್ನ ಪರಂಪರಾಗತ ಕಲೆಗಳ ರಾಷ್ಟ್ರೀಯ ಪಟ್ಟಿಗಳನ್ನು ಪ್ರಕಟಿಸುತ್ತ ಬಂದಿದೆ. ಪುಜಿಯಾಂಗ್‌ನ ಹುಲ್ಲಿನ ಕಲೆಯೂ ಆ ಪಟ್ಟಿಯಲ್ಲಿ ಸೇರಿದೆ.

ಚಿತ್ರ ಮಾಡುವ ಕ್ರಮ

ಗೋದಿಯ ದಂಟು ಗೆಣ್ಣು ಗೆಣ್ಣಾಗಿ ಬೆಳೆಯುತ್ತದೆ. ಗೆಣ್ಣು ಗಟ್ಟಿ, ಎರಡು ಗೆಣ್ಣುಗಳ ನಡುವಣ ಭಾಗ ಕೊಳವೆಯಂತೆ ಟೊಳ್ಳು. ಕೊಳವೆಯ ಹೊರಮೈ ಮೇಲೆ ತೆಳುವಾದ ಮೇಣದ ಲೇಪವಿರುತ್ತದೆ. ಹೊರಪದರಿನ ಕಣಗಳಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಅದೇ ಖನಿಜ, ತುಂಬಿರುತ್ತದೆ. ಹುಲ್ಲಿಗೆ ಹೊಳಪು ಬರುವುದು ಇವೆರಡರಿಂದ. ತೆನೆಯ ಕೆಳಗಿನ ಮೊದಲ ಕೊಳವೆ ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ನುಣುಪು. ಕಲಾವಿದರಿಗೆ ಅದು ಬಹಳ ಬೇಕಾದದ್ದು.

ಮೊದಲ ಕೆಲಸ ಹುಲ್ಲನ್ನು ಆರಿಸುವುದು. ಮಳೆಗೆ ಸಿಕ್ಕ ಹುಲ್ಲಿಗೆ ಕಪ್ಪು ಚುಕ್ಕೆ ಬೀಳುತ್ತದೆ. ಹಂತಿ ತುಳಿಸಿದ ಹುಲ್ಲು ಜಜ್ಜಿಹೋಗಿರುತ್ತದೆ. ಆದುದರಿಂದ ಕುಡುಗೋಲಿನಿಂದ ಕೊಯ್ದ ಇಡೀ ದಂಟುಗಳೇ ಬೇಕು. ಗೆಣ್ಣುಗಳನ್ನು ಕತ್ತರಿಸಿ ತೆಗೆದು, ಸೋಗೆ ಸುಲಿದು, ಕೊಳವೆಗಳನ್ನು ಉದ್ದ ಮತ್ತು ಬಣ್ಣಕ್ಕೆ ತಕ್ಕಂತೆ ಬೇರೆ ಬೇರೆ ಮಾಡುತ್ತಾರೆ.

ಎರಡನೆಯದು ಹದ ಮಾಡುವುದು. ಕೊಳವೆಗಳನ್ನು ನೀರಿನಲ್ಲಿ ಕುದಿಸುತ್ತಾರೆ ಅಥವಾ ಹಬೆಯಲ್ಲಿ ಬೇಯಿಸುತ್ತಾರೆ. ಇದರಿಂದ ಹುಲ್ಲು ಮೆತ್ತಗಾಗುತ್ತದೆ. ಒಳಗಿನ ಹುಳು, ತತ್ತಿಗಳು ಸಾಯುತ್ತವೆ. ತಿಳಿಬಣ್ಣ ಬೇಕಾದಲ್ಲಿ ಬಿಳುಪು ಮಾಡುತ್ತಾರೆ; ಗಾಢ ಬಣ್ಣ ಬೇಕಾದಲ್ಲಿ ಬಣ್ಣದ ನೀರಿನಲ್ಲಿ ಅದ್ದುತ್ತಾರೆ.

ಮೂರನೆಯದು ಸೀಳಿ ಚಪ್ಪಟೆ ಮಾಡುವುದು. ಕೊಳವೆಯ ಒಂದು ಮಗ್ಗುಲನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ಬಿಡಿಸುತ್ತಾರೆ. ಒಳಗಿನ ಬಿಳಿಯ ಮೆತ್ತನೆಯ ಪದರನ್ನು ಹೆರೆದು ತೆಗೆದು, ಬಿಸಿ ಇಸ್ತ್ರಿಯಿಂದ ಒತ್ತುತ್ತಾರೆ. ಕೊಳವೆಯು ಹೊಳೆಯುವ ನಾಡಿಯಂತಾಗುತ್ತದೆ. ಇಂಥ ಪಟ್ಟಿಗಳನ್ನು ಒಂದರ ಮಗ್ಗುಲಿಗೊಂದು ತೆಳುವಾದ ಕಾಗದದ ಮೇಲೆ ಅಂಟಿಸಿದರೆ ಹುಲ್ಲಿನದೇ ಒಂದು ಹಾಳೆ ಸಿದ್ಧವಾಗುತ್ತದೆ.

ನಾಲ್ಕನೆಯದು ಚಿತ್ರವನ್ನು ಬಿಡಿಸಿ ಬಿಡಿಭಾಗ ಮಾಡುವುದು. ಕೊಕ್ಕರೆಯನ್ನು ಮಾಡಬೇಕಾದರೆ ಕೊಕ್ಕು, ಕತ್ತು, ಕಾಲುಗಳು, ರೆಕ್ಕೆಯ ಒಂದೊಂದು ಗರಿ ಇವೆಲ್ಲ ಬೇರೆ ಬೇರೆ ತುಂಡುಗಳು. ಪ್ರತಿಯೊಂದಕ್ಕೂ ಕಾಗದದ ನಕ್ಷೆ ತೆಗೆದು ಹುಲ್ಲಿನ ಹಾಳೆಯನ್ನು ಕತ್ತರಿಸಬೇಕು. ಗರಿಯ ಅಂಚನ್ನು ಎಳೆ ಎಳೆಯಾಗಿ ಸೀಳಬೇಕು. ಹುಲಿಯ ಮೈಗೂದಲಿಗಾಗಿ ಹುಲ್ಲನ್ನು ನೂಲಿನಷ್ಟು ಸಣ್ಣಗೆ ಮಾಡಬೇಕಾಗುತ್ತದೆ.

ಐದನೆಯದು ಕಾಯಿಸುವುದು. ಈ ಕಲೆಯ ಗುಟ್ಟು ಇರುವುದು ಇಲ್ಲಿ. ಬಿಸಿ ಕಬ್ಬಿಣವನ್ನು ಹುಲ್ಲಿನ ಮೇಲೆ ಆಡಿಸಿದರೆ ಹೊಂಬಣ್ಣ ಜೇನುಬಣ್ಣವಾಗುತ್ತದೆ, ಜೇನುಬಣ್ಣ ಬೆಲ್ಲದ ಬಣ್ಣವಾಗುತ್ತದೆ, ಬೆಲ್ಲದ ಬಣ್ಣ ಕಂದಾಗುತ್ತದೆ. ಒಂದು ಚಣ ಹೆಚ್ಚಾದರೆ ಕರಿಕಾಗುತ್ತದೆ. ಮತ್ತೆ ಹಿಂದಕ್ಕೆ ತರಲು ಬರುವುದಿಲ್ಲ. ಎಲೆಯ ಬುಡದಲ್ಲಿ ಕಪ್ಪು, ತುದಿಯಲ್ಲಿ ತಿಳಿ. ಹೀಗೆ ಕಾವಿನ ಹದದಿಂದಲೇ ನೆರಳು ಬೆಳಕನ್ನು ತೋರಿಸುತ್ತಾರೆ. ಕಡೆಯದಾಗಿ ಎಲ್ಲ ತುಂಡುಗಳನ್ನು ಹಿಂದಿನದು ಮೊದಲು, ಮುಂದಿನದು ಆಮೇಲೆ ಎಂಬ ಕ್ರಮದಲ್ಲಿ ಜೋಡಿಸಿ, ಕಪ್ಪು ಬಟ್ಟೆಯ ಮೇಲೆ ಅಂಟಿಸಿ ಗಾಜಿನ ಚೌಕಟ್ಟು ಹಾಕುತ್ತಾರೆ.

ಬಣ್ಣವಿಲ್ಲದೆ ಇಷ್ಟು ಸೊಬಗು ಹೇಗೆ ಬರುತ್ತದೆ ಎಂದು ಕೇಳಬಹುದು. ಕುಪ್ಪಸದ ರೇಷ್ಮೆ ಖಣವನ್ನು ಬೆಳಕಿನಲ್ಲಿ ಓರೆಯಾಗಿ ತಿರುಗಿಸಿ ನೋಡಿರಿ. ಒಂದು ಕಡೆಯಿಂದ ಮಿರುಗುತ್ತದೆ, ಇನ್ನೊಂದು ಕಡೆಯಿಂದ ಮಂಕಾಗಿ ಕಾಣುತ್ತದೆ. ಹುಲ್ಲಿನ ಎಳೆಗಳೂ ಹಾಗೆಯೇ. ಎಳೆ ಹರಿದ ದಿಕ್ಕು ಬದಲಾದರೆ ಬೆಳಕು ಮರಳುವ ದಿಕ್ಕೂ ಬದಲಾಗುತ್ತದೆ. ಆದುದರಿಂದ ಒಂದೇ ಬಣ್ಣದ ಎರಡು ತುಂಡುಗಳನ್ನು ಅಡ್ಡ ಒಂದು, ಉದ್ದ ಒಂದು ಅಂಟಿಸಿದರೆ ಎರಡು ಬಣ್ಣಗಳಂತೆ ತೋರುತ್ತವೆ. ನೋಡುವವನು ನಡೆದಾಡಿದಂತೆ ಹಕ್ಕಿಯ ರೆಕ್ಕೆ ಮಿನುಗುತ್ತದೆ.

ಚಿತ್ರದ ವಸ್ತುಗಳು ಬರಿಯ ಅಲಂಕಾರವಲ್ಲ. ಚೀನೀಯರಿಗೆ ಕೊಕ್ಕರೆ ದೀರ್ಘಾಯುಷ್ಯದ ಗುರುತು, ಪಿಯೊನಿ ಹೂವು ಸಿರಿಯ ಗುರುತು. ಅವರ ಭಾಷೆಯಲ್ಲಿ ಮೀನಿಗೂ ಸಮೃದ್ಧಿಗೂ ಒಂದೇ ಉಚ್ಚಾರ ‘ಯು’. ಆದುದರಿಂದ ಮೀನಿನ ಚಿತ್ರ ಮನೆಯಲ್ಲಿದ್ದರೆ ಶುಭವೆಂದು ಭಾವಿಸುತ್ತಾರೆ.

ಬೇರೆ ನಾಡುಗಳಲ್ಲಿ

ಹುಲ್ಲಿನ ಹೊಳಪನ್ನು ಕಂಡವರು ಚೀನೀಯರು ಮಾತ್ರವಲ್ಲ. ಜಪಾನಿನ ಕಿನೊಸಾಕಿ ಎಂಬ ಬಿಸಿನೀರಿನ ಬುಗ್ಗೆಯ ಊರಿನಲ್ಲಿ ಸುಮಾರು 300 ವರ್ಷಗಳ ಹಿಂದೆ ಹಾನ್‌ಶಿಚಿ ಎಂಬ ಕುಶಲಕರ್ಮಿ ಗೋದಿಜಾತಿಯ ಹುಲ್ಲಿಗೆ ಬಣ್ಣ ಕಟ್ಟಿ ಪೆಟ್ಟಿಗೆ, ಆಟಿಗೆಗಳಿಗೆ ಅಂಟಿಸತೊಡಗಿದನು. ಆರೋಗ್ಯಕ್ಕಾಗಿ ಸ್ನಾನಕ್ಕೆ ಬಂದವನು ತನ್ನ ತಂಗುವ ಖರ್ಚಿಗೆಂದು ಈ ಕೆಲಸ ಮಾಡಿದನೆಂದು ಹೇಳುತ್ತಾರೆ. 1823ರಿಂದ 1829ರವರೆಗೆ ಜಪಾನಿನಲ್ಲಿದ್ದ ವೈದ್ಯ ಸೀಬೋಲ್ಡ್‌ನು ಅಲ್ಲಿಯ ಹುಲ್ಲಿನ ಕೆಲಸದ ವಸ್ತುಗಳನ್ನು ಹಾಲೆಂಡಿಗೆ ಒಯ್ದನು.

ಇಂಗ್ಲಂಡಿನ ನಾರ್ಮನ್ ಕ್ರಾಸ್ ಎಂಬಲ್ಲಿ 1797ರಲ್ಲಿ ಯುದ್ಧಕೈದಿಗಳ ಸೆರೆಮನೆ ತೆರೆಯಿತು. ನೆಪೋಲಿಯನ್ನನ ಕಾಲದ ಸಾವಿರಾರು ಫ್ರೆಂಚ್ ಕೈದಿಗಳು ಅಲ್ಲಿ ಹುಲ್ಲಿನ ಚಿತ್ರಗಳನ್ನೂ ಪೆಟ್ಟಿಗೆಗಳನ್ನೂ ಮಾಡಿ ಮಾರಿ ತಮ್ಮ ಹೊಟ್ಟೆಗೆ ಬೇಕಾದುದನ್ನು ಕೊಳ್ಳುತ್ತಿದ್ದರು. ಅವು ಇಂದಿಗೂ ಪೀಟರ್‌ಬರೊ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿವೆ. ಬೆಲಾರೂಸ್ ದೇಶದ ಹುಲ್ಲಿನ ಹೆಣಿಗೆಯನ್ನು ಯುನೆಸ್ಕೊ ಸಂಸ್ಥೆಯು 2022ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ದೇಶದಲ್ಲಿಯೂ ಈ ಬಗೆಯ ಕೆಲಸವುಂಟು. ಉತ್ತರಪ್ರದೇಶದ ಬಹರಾಯಿಚ್ ಜಿಲ್ಲೆಯಲ್ಲಿ ಗೋದಿಯ ದಂಟಿನ ಕರಕುಶಲ ವಸ್ತುಗಳನ್ನು ಮಾಡುತ್ತಾರೆ. ಆ ರಾಜ್ಯದ ಸರಕಾರವು ಜಿಲ್ಲೆಗೊಂದು ಕಸುಬು ಎಂಬ ಯೋಜನೆಯಲ್ಲಿ ಅದನ್ನೇ ಆ ಜಿಲ್ಲೆಗೆ ಆರಿಸಿದೆ. ಕೇರಳದಲ್ಲಿ ಗೋದಿಯ ಬದಲು ಬತ್ತದ ಹುಲ್ಲನ್ನು ಕಪ್ಪು ಬಟ್ಟೆಯ ಮೇಲೆ ಅಂಟಿಸಿ ತೆಂಗು, ದೋಣಿ, ಕಥಕಳಿಯ ಚಿತ್ರಗಳನ್ನು ಮಾಡುತ್ತಾರೆ. ನಮ್ಮ ಹಳ್ಳಿಯ ಹುಡುಗರು ಜೋಳದ ದಂಟಿನ ಸಿಬರು ಮತ್ತು ಬೆಂಡುಗಳಿಂದ ಚಕ್ಕಡಿ ಕಟ್ಟುವುದೂ ಇದೇ ಕುಲದ ಜಾಣ್ಮೆ. ಅದಕ್ಕೆ ನಾವು ಆಟವೆಂದು ಹೆಸರಿಟ್ಟೆವು, ಅಷ್ಟೆ.

ಇಂದಿನ ಸ್ಥಿತಿ

ಚೀನವು ಇಂದು ವರ್ಷಕ್ಕೆ ಸುಮಾರು 13ರಿಂದ 14 ಕೋಟಿ ಟನ್ ಗೋದಿ ಬೆಳೆಯುತ್ತದೆ. ಜಗತ್ತಿನಲ್ಲಿ ಇಷ್ಟು ಬೆಳೆಯುವ ದೇಶ ಬೇರೊಂದಿಲ್ಲ. ಹುಲ್ಲಿನ ತೂಕವೂ ಹೆಚ್ಚುಕಡಿಮೆ ಕಾಳಿನಷ್ಟೇ ಇರುತ್ತದೆ. ಹುಲ್ಲಿಗೆ ಬರವಿಲ್ಲವೆಂದಾಯಿತು. ಆದರೂ ಕಲಾವಿದರಿಗೆ ಬೇಕಾದ ಹುಲ್ಲು ಸುಲಭವಾಗಿ ಸಿಗುವುದಿಲ್ಲ! ಕೊಯ್ಲಿನ ದೊಡ್ಡ ಯಂತ್ರ ದಂಟನ್ನು ಹೊಲದಲ್ಲಿಯೇ ನುಚ್ಚು ಮಾಡಿ ಚೆಲ್ಲುತ್ತದೆ. ಹೆಚ್ಚು ಇಳುವರಿಗಾಗಿ ಬಂದ ಗಿಡ್ಡ ತಳಿಗಳಲ್ಲಿ ದಂಟಿನ ಉದ್ದ ಕಡಿಮೆ. ಗಿಡ್ಡ ತಳಿಗಳು ಕೋಟ್ಯವಧಿ ಜನರ ಹಸಿವನ್ನು ಹಿಂಗಿಸಿದವು, ಅದನ್ನು ಹಳಿಯುವಂತಿಲ್ಲ. ಆದರೆ ಕೈಕೆಲಸದವನು ಈಗ ಚಿತ್ರಕ್ಕೆಂದೇ ಕುಡುಗೋಲು ಹಿಡಿದು ಹುಲ್ಲು ಕೊಯ್ಯಬೇಕಾಗಿದೆ.

ಹೊಲದಲ್ಲಿ ಉಳಿದ ಹುಲ್ಲಿಗೆ ಬೆಂಕಿ ಹಚ್ಚುವ ಪದ್ಧತಿ ಚೀನದಲ್ಲಿಯೂ ಬೆಳೆಯಿತು. ಹೊಗೆಯಿಂದ ಊರುಗಳಿಗೂ ವಿಮಾನಗಳಿಗೂ ತೊಂದರೆಯಾಯಿತು. 2000ದಲ್ಲಿ ತಿದ್ದಿದ ವಾಯುಮಾಲಿನ್ಯದ ಕಾಯಿದೆಯಲ್ಲಿ ಜನವಸತಿ, ವಿಮಾನ ನಿಲ್ದಾಣ, ಮುಖ್ಯ ಹಾದಿಗಳ ಬಳಿ ಹುಲ್ಲು ಸುಡುವುದನ್ನು ಆ ದೇಶ ನಿಷೇಧಿಸಿತು. ಚಿತ್ರಕಲೆಯಿಂದ ಹುಲ್ಲಿನ ಹೊಗೆ ನಿಲ್ಲುವುದಿಲ್ಲ. ಬಣವಿಯಷ್ಟು ಹುಲ್ಲಿನಲ್ಲಿ ಚಿತ್ರಕ್ಕೆ ಹೋಗುವುದು ಹಿಡಿಯಷ್ಟು ಮಾತ್ರ. ಆದರೆ ಆ ಹಿಡಿಯಷ್ಟು ಹುಲ್ಲು ಒಂದು ಮನೆಯ ದುಡಿಮೆಯಾಗಬಲ್ಲದು. ದೊಡ್ಡ ಬಂಡವಾಳ ಬೇಡ. ಚಾಕು, ಕತ್ತರಿ, ಇಸ್ತ್ರಿ, ಅಂಟು ಇದ್ದರೆ ಸಾಕು.

ಇನ್ನೂ ದೊಡ್ಡ ತೊಡಕು ಕಲಿಯುವವರದು. ಒಂದು ಚಿತ್ರಕ್ಕೆ ಹಲವು ದಿನಗಳ, ದೊಡ್ಡ ಚಿತ್ರಕ್ಕೆ ತಿಂಗಳುಗಳ ಶ್ರಮ ಬೇಕು. ಕಾವಿನ ಹದವನ್ನು ಪುಸ್ತಕ ಓದಿ ಕಲಿಯಲಾಗದು. ಬಲ್ಲವರ ಮಗ್ಗುಲಲ್ಲಿ ಕುಳಿತೇ ಕಲಿಯಬೇಕು. ಹಿರಿಯರು ಕಣ್ಮುಚ್ಚಿದರೆ ಅವರ ಕೈಯ ಹದವೂ ಹೋಗುತ್ತದೆ. ಹುಲ್ಲು ಪುರಾವೆ ಉಳಿಸುವುದಿಲ್ಲವೆಂದು ಮೇಲೆ ಹೇಳಿದೆವಷ್ಟೆ. ಕೈಯೂ ಪುರಾವೆ ಉಳಿಸುವುದಿಲ್ಲ. ಕಲಿತ ಶಿಷ್ಯನೇ ಅದರ ಪುರಾವೆ.

ಮಕ್ಕಳು ಮಾಡಿ ನೋಡಬಹುದಾದದ್ದು

ಗೋದಿ ಕೊಯ್ಯುವ ಮುನ್ನ ಹೊಲದ ಅಂಚಿನಲ್ಲಿ ಇಪ್ಪತ್ತು ದಂಟುಗಳನ್ನು ಹಿರಿಯರನ್ನು ಕೇಳಿ ಕೊಯ್ದುಕೊಳ್ಳಿರಿ. ಗೆಣ್ಣು ತೆಗೆದು ಒಂದು ರಾತ್ರಿ ನೀರಿನಲ್ಲಿ ನೆನೆಯಿಡಿರಿ. ಮರುದಿನ ದೊಡ್ಡವರ ಮುಂದೆ ಕುಳಿತು ಉದ್ದಕ್ಕೆ ಸೀಳಿರಿ. ಒಳಪದರನ್ನು ಚಮಚೆಯ ಅಂಚಿನಿಂದ ಹೆರೆಯಿರಿ. ಇಸ್ತ್ರಿಯ ಕೆಲಸವನ್ನು ಮನೆಯ ಹಿರಿಯರೇ ಮಾಡಲಿ. ಪಟ್ಟಿಗಳನ್ನು ತೆಳು ಕಾಗದಕ್ಕೆ ಅಂಟಿಸಿ, ಭಾರ ಹೇರಿ ಒಣಗಿಸಿ, ಮೊದಲು ಒಂದು ಬೇವಿನ ಎಲೆಯನ್ನು ಕತ್ತರಿಸಿರಿ. ಎಲೆಯ ಎಡ ಮಗ್ಗುಲಿಗೆ ಎಳೆಗಳು ಓರೆಯಾಗಿ ಒಂದು ದಿಕ್ಕಿಗೆ, ಬಲ ಮಗ್ಗುಲಿಗೆ ಇನ್ನೊಂದು ದಿಕ್ಕಿಗೆ ಬರಲಿ. ಕಪ್ಪು ಕಾಗದದ ಮೇಲೆ ಕೂಡಿಸಿ ಕಿಟಕಿಯ ಬಳಿ ಹಿಡಿದು ತಿರುಗಿಸಿರಿ. ಒಂದೇ ಹುಲ್ಲು ಎರಡು ಬಣ್ಣವಾಗುವುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಬೆಳಕಿನ ಪ್ರತಿಫಲನದ ಪಾಠವೂ ಇದರಲ್ಲಿ ಬಂದಂತಾಯಿತು.

ಪಾಲಕರಿಗೆ ಎರಡು ಮಾತು

ಕಾರ್ಯಾನುಭವದ ತಾಸು ಎಂದರೆ ಪರೀಕ್ಷೆ ಬಂದಾಗ ಗಣಿತಕ್ಕೋ ಇಂಗ್ಲಿಷಿಗೋ ಬಿಟ್ಟುಕೊಡುವ ತಾಸು ಎಂಬ ಭಾವನೆ ಹಲವರಲ್ಲಿ ಬೇರೂರಿದೆ. ಕೈಯಲ್ಲಿ ದುಡಿದ ತಂದೆತಾಯಿಗಳು ತಮ್ಮ ಮಕ್ಕಳು ಕೈಯಲ್ಲಿ ದುಡಿಯಬಾರದೆಂದು ಬಯಸುವುದು ಸಹಜ. ಆ ಬಯಕೆಯ ಹಿಂದಿನ ಕಷ್ಟವನ್ನು ನಾವು ಬಲ್ಲೆವು. ಆದರೆ ಅಳತೆ, ಸಹನೆ, ಹದ, ಒಪ್ಪ ಇವು ಕೈಯಿಂದಲೇ ಬುದ್ಧಿಗೆ ಏರುವ ಗುಣಗಳು. ಅವು ಬಂದ ಹುಡುಗನಿಗೆ ರೇಖಾಗಣಿತ ಕಠಿಣವಾಗುವುದಿಲ್ಲ.

ಇನ್ನೊಂದು ಮಾತು. ಗಡಿಯ ಈಚೆ ಇರುವ ನಮ್ಮ ಮಕ್ಕಳಿಗೆ ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಪುಸ್ತಕದ ಕನ್ನಡ. ಗೋದಿಯ ದಂಟಿಗೆ ನಮ್ಮ ಮರಾಠಿ ನೆರೆಯವರು ‘ಗವ್ಹಾಚೆ ಕಾಡ’ ಎನ್ನುತ್ತಾರೆ. ಆ ಮಾತನ್ನೂ ಮಕ್ಕಳು ಕಲಿಯಲಿ, ಅದು ನಷ್ಟವಲ್ಲ. ಆದರೆ ಗೆಣ್ಣು, ಸೋಗೆ, ಸಿಬರು, ಬೆಂಡು, ಕಣಿಕೆ, ಹೊಟ್ಟು, ಬಣವಿ, ಹಂತಿ ಎಂಬ ಮಾತುಗಳು ಪಠ್ಯಪುಸ್ತಕದಲ್ಲಿ ಸಿಗುವುದು ಅಪರೂಪ. ಅವು ಇರುವುದು ನಿಮ್ಮ ಹೊಲದಲ್ಲಿ, ಹಿತ್ತಲಲ್ಲಿ, ಅಜ್ಜ ಅಮ್ಮಂದಿರ ಬಾಯಲ್ಲಿ. ಹುಲ್ಲನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವ ಮಗು ಈ ಮಾತುಗಳನ್ನು ಕೇಳಿ ತಿಳಿಯುತ್ತದೆ, ಆಡಿ ಉಳಿಸುತ್ತದೆ. ವಸ್ತು ಕೈಬಿಟ್ಟರೆ ಮಾತೂ ಕೈಬಿಡುತ್ತದೆ.

ಬರುವ ಸುಗ್ಗಿಗೆ ಗೋದಿ ಕೊಯ್ಯುವಾಗ ಒಂದು ಹಿಡಿ ದಂಟನ್ನು ಯಂತ್ರಕ್ಕೆ ಕೊಡದೆ ಮಕ್ಕಳ ಕೈಗೆ ಕೊಡಿರಿ. ಅದಕ್ಕೆ ತಗಲುವ ವೆಚ್ಚ ಏನೂ ಇಲ್ಲ. ಶಾಲೆಯ ವಸ್ತುಪ್ರದರ್ಶನದಲ್ಲಿ ಅದರ ಚಿತ್ರಗಳನ್ನು ನೋಡುವ ಭಾಗ್ಯ ನಮ್ಮೆಲ್ಲರಿಗೂ ದೊರೆಯಲಿ.